ಆರು ವಾರದ ಸ್ಟ್ಯಾಟಿಸ್ಟಿಕ್ಸ್, ಮನೆ ತುಂಬಾ ನೆಂಟರು

ಹೆಸರು, ಊರು, ಮನೆಯ ವಿವರ ಎಲ್ಲಾ ಬದಲಿಸಿದ್ದೇನೆ. ಇವರನ್ನು ಲತಾ ಅಂತ ಕರೆಯೋಣ. ಬಿ.ಕಾಂ. ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದವರು. ಗ್ರೀನ್ ಕಾರ್ಡ್ ಬಂದ ಮೇಲೆ ನರ್ಸಿಂಗ್ ಓದೋಣ ಅಂತ ಮನಸ್ಸು ಮಾಡಿದ್ದಾರೆ. ಅದಕ್ಕೂ ಮೊದಲು ಅಲ್ಲಿನ ಕಮ್ಯುನಿಟಿ ಕಾಲೇಜಿನಲ್ಲಿ ಕೆಲವು ವಿಷಯ ಪಾಸಾಗಬೇಕು, ಸ್ಟ್ಯಾಟಿಸ್ಟಿಕ್ಸ್ ಅದರಲ್ಲೊಂದು. ಬೇಸಿಗೆಯಲ್ಲಿ ಆನ್‌ಲೈನ್‌ನಲ್ಲಿ ಆರೇ ವಾರಕ್ಕೆ ಮುಗಿಯುತ್ತೆ ಅಂತ ನೋಡಿ ಸೇರಿಕೊಂಡುಬಿಟ್ಟರು. ಆಮೇಲೆ ನಿದ್ದೆ ಬರುವುದು ನಿಂತಿತು. ಆಗ ಸಲಹೆ ಕೇಳಿಕೊಂಡು ನನ್ನ ಹತ್ರ ಬಂದರು.

"ಮೇಡಂ, ನಂಗೆ ಲೆಕ್ಕ ಅಂದ್ರೆ ಮೊದಲಿಂದಲೂ ಭಯ. ಅದೊಂದು ಹೋಗಿಸಿಬಿಡಿ" ಅಂದರು.

ಭಯ ಇದ್ದದ್ದು ನಿಜ. ಆದರೆ ಜೂನ್ ತಿಂಗಳಲ್ಲಿ ನಿಮ್ಮ ಒಂದು ದಿನ ಹೇಗಿರುತ್ತೆ ಹೇಳಿ ಅಂದಾಗ ಬೇರೆ ಕಥೆ ಬಂತು. ಇಬ್ಬರು ಮಕ್ಕಳಿಗೂ ಶಾಲೆಗೆ ರಜೆ. ಅತ್ತೆ ಮಾವ ಮೊದಲ ಸಲ ಅಮೆರಿಕಕ್ಕೆ ಬರುತ್ತಿದ್ದಾರೆ, ಅದೂ ಕೋರ್ಸ್ ಶುರುವಾಗುವ ವಾರವೇ. ಅಷ್ಟು ದೂರದಿಂದ ಬಂದವರಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸದೆ ಕಳಿಸೋಕಾಗುತ್ತಾ? ಹಾಗಾಗಿ ಲತಾ ಓದಿಗೆ ಇಟ್ಟುಕೊಂಡ ಸಮಯ, ಎಲ್ಲರೂ ಮಲಗಿದ ಮೇಲೆ ದಿನಾ ರಾತ್ರಿ ಎರಡು ಗಂಟೆ ಹೊತ್ತು.

ಆಗ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಒಂದು ಯೂನಿಟ್ ಅಂದ್ರೆ ಪಾಠ, ಮನೆಗೆಲಸ ಎಲ್ಲಾ ಸೇರಿ ಕನಿಷ್ಠ 48 ಗಂಟೆ ಓದು. ಇವರದ್ದು 4 ಯೂನಿಟ್, ಅಂದ್ರೆ 192 ಗಂಟೆ. ಹದಿನಾರು ವಾರದ ಸೆಮಿಸ್ಟರ್‌ನಲ್ಲಿ ವಾರಕ್ಕೆ 12 ಗಂಟೆ ಆಗುತ್ತೆ, ಆರು ವಾರದಲ್ಲಿ 32. ಪಾಠ ಒಂದು ಪುಟವೂ ಕಡಿಮೆಯಾಗಲ್ಲ. ರಾತ್ರಿ ಎರಡು ಗಂಟೆ ಅಂದ್ರೆ ವಾರಕ್ಕೆ 14, ಅದೂ ಒಂದು ದಿನವೂ ತಲೆನೋವು ಬರದಿದ್ದರೆ. ಲತಾ ಸ್ವಲ್ಪ ಹೊತ್ತು ಸುಮ್ಮನಿದ್ದು "ಇದನ್ನ ನಮ್ಮನೆಯವರಿಗೂ ತೋರಿಸ್ಬೇಕು" ಅಂದರು. ತೋರಿಸಿ ಅಂದೆ. ಭಯವನ್ನು ಗಂಡನಿಗೆ ವಿವರಿಸುವುದು ಕಷ್ಟ, 32 ಗಂಟೆ ಎಲ್ಲಿಂದ ತರೋಣ ಅಂತ ಕೇಳುವುದು ಸುಲಭ.

ಇನ್ನು ಲೆಕ್ಕದ ವಿಷಯ. ಇವರು ಆಗಲೇ ದಪ್ಪನೆಯ ಬೀಜಗಣಿತದ ಪುಸ್ತಕ ತರಿಸಿ ಮೊದಲ ಅಧ್ಯಾಯದಿಂದ ಶುರು ಮಾಡಿದ್ದರು. ಅದನ್ನು ಮುಚ್ಚಿಡಿ ಅಂದೆ. ಈ ಕೋರ್ಸಿಗೆ ಅಷ್ಟೆಲ್ಲಾ ಬೇಕಿಲ್ಲ. ಬದಲು ಒಂದು ಲೆಕ್ಕ ನನ್ನೆದುರೇ ಮಾಡಿಸಿದೆ. ಸರಾಸರಿ 65, ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಅನ್ನುವ ಅಳತೆ) 4, ಒಬ್ಬರ ಅಂಕ 72. ಝಡ್ ಸ್ಕೋರ್ ಎಷ್ಟು, ಅಂದ್ರೆ ಆ ಅಂಕ ಸರಾಸರಿಯಿಂದ ಎಷ್ಟು ಸ್ಟ್ಯಾಂಡರ್ಡ್ ಡೀವಿಯೇಶನ್ ದೂರ? ಸೂತ್ರ ಸರಿಯಾಗಿ ಬರೆದರು. ಕ್ಯಾಲ್ಕ್ಯುಲೇಟರ್‌ನಲ್ಲಿ 72 − 65 ÷ 4 ಒತ್ತಿದರು. 55.75 ಬಂತು. ಹಾಗೇ ಬರೆದುಕೊಂಡರು! ಆವರಣ ಹಾಕಿ (72 − 65) ÷ 4 ಮಾಡಿದ್ದರೆ 1.75. ಝಡ್ ಸ್ಕೋರ್ 3 ದಾಟುವುದೇ ಅಪರೂಪ, 55 ಅಂದ್ರೆ ಆ ವಿದ್ಯಾರ್ಥಿ ಈ ಲೋಕದವನೇ ಅಲ್ಲ.

ಹೀಗೆ ಇನ್ನೂ ಎರಡು ಸಿಕ್ಕವು. −3 ರ ವರ್ಗ ಅಂತ ಆವರಣ ಇಲ್ಲದೆ ಒತ್ತಿದರೆ ಎಷ್ಟೋ ಕ್ಯಾಲ್ಕ್ಯುಲೇಟರ್‌ಗಳು −9 ತೋರಿಸುತ್ತವೆ, ಅದನ್ನು ಹಾಗೇ ಕೂಡಿದರೆ ವೇರಿಯನ್ಸ್ (ಸ್ಟ್ಯಾಂಡರ್ಡ್ ಡೀವಿಯೇಶನ್ನಿನ ವರ್ಗ) ಪೂರ್ತಿ ಕೆಡುತ್ತೆ. ಇನ್ನೊಂದು ಇದಕ್ಕಿಂತ ಅಪಾಯ. ಪಿ ವ್ಯಾಲ್ಯೂ (ನಿಜವಾಗಿ ಪರಿಣಾಮವೇ ಇಲ್ಲದಿದ್ದರೆ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಾಧ್ಯತೆ) ತುಂಬಾ ಚಿಕ್ಕದಿದ್ದಾಗ ಪರದೆ ಮೇಲೆ 3.2E−4 ಅಂತ ಬರುತ್ತೆ, ಅದು 0.00032. ಬಾಲ ನೋಡದೆ 3.2 ಅಂತ ಓದಿದರೆ ಇಡೀ ತೀರ್ಮಾನ ತಲೆಕೆಳಗು. ಲತಾಗೆ ಬರಲ್ಲ ಅಂದುಕೊಂಡಿದ್ದ ಲೆಕ್ಕದಲ್ಲಿ ಜಾಸ್ತಿ ಪಾಲು ಇಂಥದ್ದೇ.

ನಿಜವಾಗಿ ಹೊಸದು ಇದ್ದದ್ದು ಬೇರೆ ಕಡೆ. ನಮ್ಮ ಬಿ.ಕಾಂ.ನಲ್ಲಿ ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್, ಕೋರಿಲೇಶನ್ ಎಲ್ಲಾ ಕೋಷ್ಟಕ ಹಾಕಿ ಕೈಯಲ್ಲೇ ಮಾಡಿಸುತ್ತಾರೆ, ಉತ್ತರ ಬಂದರೆ ಕೆಳಗೆರಡು ಗೆರೆ ಎಳೆದು ಮುಗಿಸುತ್ತೇವೆ. ಈ ಕೋರ್ಸಿನಲ್ಲಿ ಉತ್ತರ ಬಂದ ಮೇಲೆ ಕೆಲಸ ಶುರು. ಈ ಔಷಧಿಯಿಂದ ರಕ್ತದೊತ್ತಡ ಇಳಿಯುತ್ತೆ ಅನ್ನೋಕೆ ಈ ಸ್ಯಾಂಪಲ್‌ನಲ್ಲಿ ಸಾಕಷ್ಟು ಆಧಾರ ಇದೆಯಾ, ಇಲ್ವಾ ಅಂತ ಪೂರ್ತಿ ವಾಕ್ಯದಲ್ಲಿ ಬರೀಬೇಕು. ಆಧಾರ ಸಾಲದು ಅನ್ನುವುದಕ್ಕೂ ಔಷಧಿ ಕೆಲಸ ಮಾಡಲ್ಲ ಅನ್ನುವುದಕ್ಕೂ ವ್ಯತ್ಯಾಸ ಗೊತ್ತಿರಬೇಕು. ಅಂಕ ಹೋಗುವುದು ಅಲ್ಲೇ. ಆರು ವಾರದ ಕೋರ್ಸಿನಲ್ಲಿ ಈ ಭಾಗ ಅರ್ಧ ದಾಟಿದ ಮೇಲೆ ಬರುತ್ತೆ, ಜನ ಸುಸ್ತಾಗಿರುವ ಹೊತ್ತಿಗೆ ಸರಿಯಾಗಿ. ಅದಕ್ಕೇ ಓಪನ್‌ಸ್ಟ್ಯಾಕ್ಸ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುವ ಪಠ್ಯ ತೆಗೆದು, ಇದನ್ನೇ ಹೇಳಿಕೊಡುವ ಹೈಪಾಥಿಸಿಸ್ ಟೆಸ್ಟಿಂಗ್ ಅಧ್ಯಾಯ ಒಂದನ್ನೇ ಮೊದಲು ಓದಿ, ಲೆಕ್ಕ ಮಾಡದಿದ್ದರೂ ಪರವಾಗಿಲ್ಲ, ಕೊನೆಯ ವಾಕ್ಯ ಮಾತ್ರ ಬರೆದು ಅಭ್ಯಾಸ ಮಾಡಿ ಅಂತ ಹೇಳಿದೆ.

ತಾರೀಖುಗಳ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಚಿಕ್ಕ ಕೋರ್ಸಿನಲ್ಲಿ ಫೀಸು ವಾಪಸ್ ಸಿಗುವುದು ಶೇಕಡಾ 10ರಷ್ಟು ಅವಧಿ ಮುಗಿಯುವವರೆಗೆ ಮಾತ್ರ, ಅಂದ್ರೆ ಮೊದಲ ಕೆಲವೇ ದಿನ. ಅಂಕಪಟ್ಟಿಯಲ್ಲಿ ಗುರುತು ಉಳಿಯದಂತೆ ಕೋರ್ಸ್ ಬಿಡೋಕೆ ಹೆಚ್ಚೆಂದರೆ ಶೇಕಡಾ 20. ಆಮೇಲೆ ಬಿಟ್ಟರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ ಬರುತ್ತೆ, ನಡುವೆ ಬಿಟ್ಟರು ಅನ್ನುವ ಗುರುತು. ಅದಕ್ಕೂ ಕೊನೆ ಗಡುವು ಇದೆ, ಶೇಕಡಾ 75 ದಾಟುವಂತಿಲ್ಲ, ಕಾಲೇಜು ಇನ್ನೂ ಮುಂಚೆ ಇಟ್ಟಿರಬಹುದು. ಅದು ದಾಟಿದರೆ ಸಾಮಾನ್ಯವಾಗಿ ಬಂದ ಗ್ರೇಡೇ ಗತಿ. ಡಬ್ಲ್ಯೂ ಜಿಪಿಎಗೆ (ಎಲ್ಲಾ ಗ್ರೇಡುಗಳ ಸರಾಸರಿ) ಸೇರಲ್ಲ, ಫೇಲ್ ಆದರೆ ಬರುವ ಎಫ್ ಸೇರುತ್ತೆ, ನರ್ಸಿಂಗ್ ಸೀಟಿಗೆ ಕಾಯುವವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ. ಈ ಗಡುವುಗಳನ್ನು ಕಾಲೇಜಿನ ಕ್ಯಾಲೆಂಡರ್ ನೋಡಿ ಫೋನಿಗೆ ಹಾಕಿಕೊಳ್ಳಿ ಅಂದೆ. ಪರೀಕ್ಷೆಗೆ ಕ್ಯಾಮೆರಾ ಕಡ್ಡಾಯವಾ, ಯಾವ ಕ್ಯಾಲ್ಕ್ಯುಲೇಟರ್ ಬಿಡುತ್ತಾರೆ ಅಂತ ಮೇಷ್ಟ್ರಿಗೆ ಮುಂಚೆಯೇ ಇಮೇಲ್ ಹಾಕಿ ಅಂತಲೂ ಹೇಳಿದೆ. ಕ್ಯಾಮೆರಾ ಮುಂದೆ ಪರೀಕ್ಷೆ ಬರೆಯುವಾಗ ಮಾವ ಬಂದು "ಕಾಫಿ ಆಯ್ತಾ ಮಗಾ" ಅಂದ್ರೆ ಅದನ್ನು ಯಾರಿಗೆ ವಿವರಿಸೋದು?

ನಾನು ಅವರ ಜಾಗದಲ್ಲಿದ್ದರೆ ಬೇಸಿಗೆ ಮುಗಿದ ಮೇಲಿನ ಫಾಲ್ ಸೆಮಿಸ್ಟರ್‌ಗೆ ಮುಂದೂಡುತ್ತಿದ್ದೆ, ಅದನ್ನೂ ಬಾಯಿಬಿಟ್ಟು ಹೇಳಿದೆ. ಲತಾ ಒಪ್ಪಲಿಲ್ಲ, ಅರ್ಜಿ ಒಂದು ವರ್ಷ ಹಿಂದೆ ಹೋಗುತ್ತೆ ಅಂದರು. ಸರಿ, ಹಾಗಾದ್ರೆ ಮನೆಯವರ ಹತ್ರ ಮಾತಾಡಿ ಅಂದೆ. ಗಂಡನೇ ಊರಿಗೆ ಫೋನ್ ಮಾಡಿ ಟಿಕೆಟ್ ಜುಲೈ ಕೊನೆಗೆ ಹಾಕಿಸಿದರು. ಅತ್ತೆಗೆ ಮೊದಲು ಬೇಜಾರಾಯಿತಂತೆ, ಸೊಸೆ ನರ್ಸ್ ಆಗ್ತಾಳೆ ಅಂತ ಗೊತ್ತಾದ ಮೇಲೆ ನನ್ನ ಮಂಡಿನೋವು ಅವಳೇ ನೋಡಲಿ ಅಂದರಂತೆ. ಮಕ್ಕಳು ಬೆಳಗ್ಗೆ ಸಮ್ಮರ್ ಕ್ಯಾಂಪ್‌ಗೆ ಹೋದರು.

ಎರಡನೇ ವಾರದ ಕ್ವಿಝ್‌ನಲ್ಲಿ ಅಂಕ ಬಿದ್ದು ಗಾಬರಿಯಿಂದ ಮೆಸೇಜ್ ಮಾಡಿದ್ದರು. ಉತ್ತರಪತ್ರಿಕೆ ಕಳಿಸಿ ಅಂದೆ. ಲೆಕ್ಕ ಎಲ್ಲಾ ಸರಿ ಇತ್ತು, ಉತ್ತರದ ಅರ್ಥ ಹೇಳುವ ವಾಕ್ಯಗಳೇ ಇರಲಿಲ್ಲ. ಬಿ ಗ್ರೇಡ್‌ನಲ್ಲಿ ಮುಗಿಸಿದರು. ಈಗ ಅನಾಟಮಿಗೆ ಸೇರಿದ್ದಾರೆ, ಈ ಸಲ ಹದಿನಾರು ವಾರದ್ದು.