ಬಾಣದ ಕೀ ಒತ್ತಿದರೆ ಹಾಳೆ ಓಡುತ್ತದೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದೆ.)

ಬಂದವರು ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಲೆಕ್ಕ ಬರೆಯುವವರು, ನಲವತ್ತು ದಾಟಿದ ಮಹಿಳೆ. ಕಾಫಿ ಸೀಸನ್ನಿನಲ್ಲಿ ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯಿಂದ ಬರುವ ಪ್ರತಿ ಲಾಟಿಗೂ ಎಕ್ಸೆಲ್‌ನಲ್ಲಿ ಒಂದು ಸಾಲು: ಲಾಟ್ ಸಂಖ್ಯೆ, ತೋಟದವರ ಹೆಸರು, ಊರು, ಪಾರ್ಚ್‌ಮೆಂಟೋ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಚೆರಿಯೋ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು), ಮೂಟೆ, ತೂಕ. ಹೆಸರು ಮತ್ತು ಊರು ಕನ್ನಡದಲ್ಲಿ, ನುಡಿ ತಂತ್ರಾಂಶದಲ್ಲಿ. ಹೊಸದಾಗಿ ಸೇರಿದ ಹುಡುಗನೊಬ್ಬ ಎಲ್ಲರೆದುರು "ಅಕ್ಕಾ, ಇಷ್ಟಕ್ಕೆಲ್ಲ ಮೌಸು ಯಾಕೆ?" ಅಂದಿದ್ದ. ಆ ಮಾತು ಇವರಿಗೆ ನಾಟಿತು. ಮೌಸಿಲ್ಲದೆ ಕೀ ಒತ್ತಿಯೇ ಕೆಲಸ ಮಾಡುವ ಎಂಬತ್ತು ಶಾರ್ಟ್‌ಕಟ್‌ಗಳ ಪಟ್ಟಿ ಪ್ರಿಂಟ್ ತೆಗೆಸಿ ಮೇಜಿನ ಗಾಜಿನಡಿ ಇಟ್ಟುಕೊಂಡರು. ಮೂರು ತಿಂಗಳಾದರೂ ಕೈಗೆ ಕೂತದ್ದು ಕಾಪಿ, ಪೇಸ್ಟ್ ಎರಡೇ. "ವಯಸ್ಸಾಯ್ತು, ತಲೆಗೆ ಹತ್ತಲ್ಲ" ಎನ್ನುವುದು ಅವರೇ ಕೊಟ್ಟುಕೊಂಡ ಕಾರಣ. ಬಲ ಮಣಿಕಟ್ಟಿನಲ್ಲಿ ನೋವೂ ಇತ್ತು.

ನೋವಿನ ವಿಷಯ ಮೊದಲು ಮುಗಿಸಿದೆವು. ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿ ಜೋಮು ಹಿಡಿಯುತ್ತವೆಯೇ ಎಂದು ಕೇಳಿದರೆ ಹೌದು ಎಂದರು. ಹಾಗಿದ್ದರೆ ಮೊದಲು ವೈದ್ಯರ ಬಳಿ ಹೋಗಬೇಕು. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿದ್ದರೆ ಶಾರ್ಟ್‌ಕಟ್ ಅದಕ್ಕೆ ಮದ್ದಲ್ಲ. ಎಡ ಕಿರುಬೆರಳಲ್ಲಿ ಕಂಟ್ರೋಲ್ ಹಿಡಿದು ಅದೇ ಕೈ ತಿರುಚಿ ಸಿ, ವಿ ಒತ್ತುತ್ತ ಕೂತರೆ ನೋವು ಬಲಗೈಯಿಂದ ಎಡಗೈಗೆ ವರ್ಗವಾಗುತ್ತದೆ, ಅಷ್ಟೆ. ಬಲಗಡೆಯ ಕಂಟ್ರೋಲನ್ನು ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಅಕ್ಷರ ಒತ್ತಲು ಹೇಳಿದೆ. ಎರಡು ಕೀ ಒಟ್ಟಿಗೆ ಹಿಡಿಯುವುದೇ ಕಷ್ಟವಾದ ದಿನ ಶಿಫ್ಟ್ ಕೀಯನ್ನು ಐದು ಸಲ ಒತ್ತಿದರೆ ವಿಂಡೋಸ್ ಸ್ಟಿಕಿ ಕೀಸ್ ಬೇಕೇ ಎಂದು ಕೇಳುತ್ತದೆ. ಹೌದು ಎಂದರೆ ಮೊದಲು ಕಂಟ್ರೋಲ್, ಆಮೇಲೆ ಸಿ, ಹೀಗೆ ಒಂದಾದ ಮೇಲೊಂದು ಒತ್ತಬಹುದು. ಈ ಪ್ರಶ್ನೆ ಪರದೆಯಲ್ಲಿ ಮೂಡಿದಾಗಲೆಲ್ಲ ಇವರು ವೈರಸ್ ಎಂದು ಹೆದರಿ ಮುಚ್ಚುತ್ತಿದ್ದರಂತೆ.

ಇನ್ನು ಕೈ ಮೌಸಿಗೆ ಎಷ್ಟು ಸಲ, ಯಾಕೆ ಹೋಗುತ್ತದೆಂದು ಲೆಕ್ಕ ಇಡುವ ಕೆಲಸ. ಕೀ ಒತ್ತಿದ್ದನ್ನೆಲ್ಲ ಎಣಿಸುವ ತಂತ್ರಾಂಶ ಹಾಕಿಕೊಳ್ಳಲೇ ಎಂದು ಕೇಳಿದರು. ಬೇಡವೆಂದೆ. ಅಂಥವುಗಳಲ್ಲಿ ಕೆಲವು ಪಾಸ್‌ವರ್ಡನ್ನೂ ಬರೆದಿಟ್ಟುಕೊಳ್ಳುತ್ತವೆ, ಅದರಲ್ಲೂ ಇದು ಕಚೇರಿಯ ಕಂಪ್ಯೂಟರ್. ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ದಿನಕ್ಕೆ ಇಪ್ಪತ್ತೇ ನಿಮಿಷ, ದಿನವೂ ಒಂದೇ ಹೊತ್ತು. ಕೈ ಮೌಸಿಗೆ ಹೋದಾಗಲೆಲ್ಲ ಯಾಕೆ ಹೋಯಿತೆಂದು ಒಂದು ಪದ, ಅದೇ ಕಾರಣ ಮರುಕಳಿಸಿದರೆ ಪಕ್ಕದಲ್ಲಿ ಗೀಟು, ಐದನೆಯದು ಅಡ್ಡಗೀಟು. ಇಡೀ ದಿನ ಎಣಿಸಲು ಹೊರಟವರು ಎರಡನೇ ದಿನಕ್ಕೆ ಕೈಬಿಡುತ್ತಾರೆ.

ಐದು ದಿನದ ಹಾಳೆಯಲ್ಲಿ ಅವರು ನಿರೀಕ್ಷಿಸಿದ್ದ ಸೇವ್ ಮೇಲಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಗೀಟು ಇದ್ದದ್ದು "ಕೆಳಗೆ ಹೋಗಲು" ಎಂಬುದರ ಮುಂದೆ. ಸಾವಿರ ದಾಟಿದ ಸಾಲುಗಳ ಕೊನೆಗೆ ಹೋಗಲು ಪ್ರತಿ ಸಲ ಬಲಬದಿಯ ಪಟ್ಟಿ ಹಿಡಿದು ಎಳೆಯುತ್ತಿದ್ದರು. ಕಂಟ್ರೋಲ್ ಜೊತೆ ಕೆಳಬಾಣ ಒತ್ತಿದರೆ ಆಯಿತಲ್ಲ ಎಂದರೆ, "ಒತ್ತಿ ನೋಡಿದ್ದೀನಿ, ನಮ್ಮ ಕಂಪ್ಯೂಟರಲ್ಲಿ ಅದು ಕೆಲಸ ಮಾಡಲ್ಲ. ಹಾಳೆ ಒಂದಿಷ್ಟು ಓಡುತ್ತೆ, ಸೆಲ್ ಇದ್ದಲ್ಲೇ ಇರುತ್ತೆ" ಎಂದರು.

ಈ ಪ್ರಕರಣದ ಗಂಟು ಇರುವುದೇ ಇಲ್ಲಿ. ಅವರ ನುಡಿ 4.0ರಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಬದಲಾಯಿಸುವುದು ಸ್ಕ್ರಾಲ್ ಲಾಕ್ ಕೀಯಿಂದ. ಎಕ್ಸೆಲ್‌ಗೆ ಅದೇ ಕೀಯ ಅರ್ಥ ಬೇರೆ: ಸ್ಕ್ರಾಲ್ ಲಾಕ್ ಹತ್ತಿದ್ದರೆ ಬಾಣದ ಕೀ ಸೆಲ್ಲಿನಿಂದ ಸೆಲ್ಲಿಗೆ ಹೋಗದೆ ಹಾಳೆಯನ್ನೇ ಸರಿಸುತ್ತದೆ. ಕನ್ನಡ ಹಾಕಿದ ಕ್ಷಣಕ್ಕೆ ಬಾಣ ಕೆಡುತ್ತದೆ. ನುಡಿ 01 ಇ ಫಾಂಟಿನಲ್ಲಿ ಅಂಕಿಗಳು 1, 2, 3 ಎಂದೇ ಮೂಡುವುದರಿಂದ ತೂಕ ಬರೆಯುವಾಗಲೂ ಕನ್ನಡ ಆಫ್ ಮಾಡುವ ಅಗತ್ಯ ಇವರಿಗೆ ಬೀಳುತ್ತಿರಲಿಲ್ಲ. ಬೆಳಿಗ್ಗೆ ಒತ್ತಿದ ಸ್ಕ್ರಾಲ್ ಲಾಕ್ ಸಂಜೆವರೆಗೂ ಉರಿಯುತ್ತಿತ್ತು. ಕಲಿತ ಶಾರ್ಟ್‌ಕಟ್ ಕೈಕೊಟ್ಟಿತು. ಕೈಕೊಡದ ಮೌಸನ್ನು ಕೈ ನಂಬಿತು. ತಲೆಗೆ ಹತ್ತದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ಇದನ್ನು ಅವರಿಗೆ ಬಿಡಿಸಿ ಹೇಳಿದೆ.

ಕೊಟ್ಟ ಸಲಹೆ ಹೀಗಿತ್ತು. ಎಕ್ಸೆಲ್ ಕಿಟಕಿಯ ತೀರಾ ಕೆಳಗಿನ ಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ, ತೆರೆಯುವ ಆಯ್ಕೆಗಳಲ್ಲಿ ಸ್ಕ್ರಾಲ್ ಲಾಕ್‌ಗೆ ಟಿಕ್ ಹಾಕಿಕೊಳ್ಳಿ. ಹತ್ತಿದೆಯೋ ಆರಿದೆಯೋ ಅಲ್ಲೇ ಕಾಣುತ್ತದೆ. ಕನ್ನಡ ಬರೆಯುವ ಎರಡು ಕಾಲಂ ಅಕ್ಕಪಕ್ಕ ಇಟ್ಟು ಅವುಗಳ ನಡುವೆ ಟ್ಯಾಬ್‌ನಲ್ಲಿ ಓಡಾಡಿ. ಟ್ಯಾಬ್, ಎಂಟರ್ ಎರಡಕ್ಕೂ ಸ್ಕ್ರಾಲ್ ಲಾಕ್‌ನ ಹಂಗಿಲ್ಲ. ಊರು ಮುಗಿಯುತ್ತಲೇ ಸ್ಕ್ರಾಲ್ ಲಾಕ್ ಆರಿಸಿ. ಹಿಂದಿನ ಸಾಲಿನ ತೋಟದವರದ್ದೇ ಇನ್ನೊಂದು ಲಾಟ್ ಆದರೆ ಹೆಸರು ಬರೆಯುವುದೇ ಬೇಡ, ಕಂಟ್ರೋಲ್-ಡಿ ಒತ್ತಿದರೆ ಮೇಲಿನ ಸೆಲ್ಲಿನದ್ದು ಕೆಳಗಿಳಿಯುತ್ತದೆ. ಲಾಟ್ ಸಂಖ್ಯೆಯ ಕಾಲಂನಲ್ಲಿ ಮಾತ್ರ ಅಪ್ಪಿತಪ್ಪಿಯೂ ಒತ್ತಬೇಡಿ, ಒಂದೇ ಸಂಖ್ಯೆ ಎರಡು ಲಾಟಿಗೆ ಕೂತುಬಿಡುತ್ತದೆ.

ಕಂಟ್ರೋಲ್-ಕೆಳಬಾಣಕ್ಕೂ ಅದರದೇ ಚಾಳಿ ಇದೆ. ನಡುವೆ ಖಾಲಿ ಸೆಲ್ ಸಿಕ್ಕರೆ ಅದರ ಮೇಲಿನ ಸೆಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಎಂದೂ ಖಾಲಿ ಬಿಡದ ಲಾಟ್ ಸಂಖ್ಯೆಯ ಕಾಲಂನಲ್ಲಿ ನಿಂತೇ ಒತ್ತಬೇಕು. ಕೊನೆ ಮುಟ್ಟಿದ ಮೇಲೆ ಇನ್ನೊಮ್ಮೆ ಒತ್ತಿದರೆ ನೇರ 10,48,576ನೇ ಸಾಲಿಗೆ ಹೋಗಿ ಬೀಳುತ್ತೀರಿ. ಗಾಬರಿ ಬೇಡ, ಕಂಟ್ರೋಲ್-ಮೇಲ್ಬಾಣ ಒತ್ತಿ ವಾಪಸ್ ಬನ್ನಿ.

ನುಡಿ ಬಿಟ್ಟು ವಿಂಡೋಸಿನ ಕನ್ನಡಕ್ಕೇ ಹೋಗಲೇ ಎಂದೂ ಕೇಳಿದರು. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ, ಸ್ಕ್ರಾಲ್ ಲಾಕ್ ತಂಟೆ ಇರುವುದಿಲ್ಲ, ನಿಜ. ಆದರೆ ಅದರ ಇನ್‌ಸ್ಕ್ರಿಪ್ಟ್ ಕೀಬೋರ್ಡಿನಲ್ಲಿ ಅಕ್ಷರಗಳ ಜಾಗವೇ ಬೇರೆ. ಅದಕ್ಕಿಂತ ದೊಡ್ಡ ಪೇಚು: ಹಳೆಯ ಸಾಲುಗಳು ನುಡಿ ಫಾಂಟಿನವು, ಹೊಸವು ಯೂನಿಕೋಡ್, ಕಂಪ್ಯೂಟರ್ ಒಳಗೆ ಎರಡರ ಸಂಕೇತವೂ ಬೇರೆ. ಕಣ್ಣಿಗೆ ಒಂದೇ ಹೆಸರಾದರೂ ಫಿಲ್ಟರ್ ಅದನ್ನು ಇಬ್ಬರೆಂದು ತೋರಿಸುತ್ತದೆ, ತೋಟದವರ ಒಟ್ಟು ತೂಕ ಎರಡಾಗಿ ಒಡೆಯುತ್ತದೆ. ಸೀಸನ್ ನಡುವೆ ಇದಕ್ಕೆ ಕೈ ಹಾಕಬೇಡಿ, ಹೊಸ ವರ್ಷದ ಹೊಸ ಫೈಲಿನಿಂದ ಶುರು ಮಾಡಿ ಎಂದೆ.

ಎಂಬತ್ತರ ಪಟ್ಟಿಯನ್ನು ಗಾಜಿನಡಿಯಿಂದ ತೆಗೆಸಿದೆ. ಮೂರೇ ಕೀಗಳ ಚೀಟಿ ಮಾನಿಟರಿನ ಕೆಳಅಂಚಿಗೆ: ಕಂಟ್ರೋಲ್-ಕೆಳಬಾಣ, ಕಂಟ್ರೋಲ್-ಡಿ, ಕಂಟ್ರೋಲ್-ಪೇಜ್ ಡೌನ್ (ಮುಂದಿನ ಶೀಟಿಗೆ). ಮರೆತು ಮೌಸಿನಲ್ಲಿ ಮಾಡಿದರೆ ಬೈದುಕೊಳ್ಳುವುದು ಬೇಡ. ವಾಪಸ್ ಹೋಗಿ ಅದನ್ನೇ ಕೀಯಲ್ಲಿ ಒಮ್ಮೆ ಮಾಡಿ ಮುಂದುವರಿಯಿರಿ. ಇದು ಬೆಳಗಿನ ಮೊದಲ ಅರ್ಧ ಗಂಟೆ ಮಾತ್ರ. ಲಾರಿ ನಿಂತಿರುವಾಗ ಯಾವುದು ಬೇಗ ಆಗುತ್ತದೋ ಅದೇ ಸರಿ.

ಮೊದಲ ವಾರ ಕೆಲಸ ನಿಧಾನವಾಗುತ್ತದೆಂದು ಮುಂಚೆಯೇ ಹೇಳಿದ್ದೆ, ಅದಕ್ಕೆ ಲೆಕ್ಕವೂ ಇದೆ. ಕಂಪ್ಯೂಟರ್ ಬಳಕೆಯ ಬಗ್ಗೆ ಸಂಶೋಧನೆ ಮಾಡಿದ ಸ್ಟುವರ್ಟ್ ಕಾರ್ಡ್, ಥಾಮಸ್ ಮೋರಾನ್, ಅಲೆನ್ ನ್ಯೂವೆಲ್ 1980ರಲ್ಲಿ ಕೊಟ್ಟ ಅಂದಾಜಿನಂತೆ ಕೈ ಮೌಸಿಗೆ ಹೋಗಲು 0.4 ಸೆಕೆಂಡ್, ಗುರಿ ಹಿಡಿಯಲು 1.1, ಪಳಗಿದ ಕೈಗೆ ಒಂದು ಕೀ ಒತ್ತಲು 0.2, ಆದರೆ ಏನು ಮಾಡಬೇಕೆಂದು ಯೋಚಿಸಲು 1.35. ಹೊಸ ಶಾರ್ಟ್‌ಕಟ್ ನೆನಪಿಸಿಕೊಳ್ಳುವಷ್ಟರಲ್ಲೇ ಅದರ ಲಾಭದ ಬಹುಪಾಲು ಕರಗಿರುತ್ತದೆ. ಯೋಚನೆ ಬಿಟ್ಟುಹೋದ ಮೇಲಷ್ಟೇ ಉಳಿತಾಯ. ಆಗಲೂ ಮೌಸಿನ ಸೇವ್ (ಕೈ ಕೀಬೋರ್ಡಿಗೆ ವಾಪಸ್ ಬರುವುದೂ ಸೇರಿ) ಸುಮಾರು 2.1 ಸೆಕೆಂಡ್, ಎರಡು ಕೀಯದು 0.4. ದಿನಕ್ಕೆ ನಲವತ್ತು ಸಲ ಮಾಡಿದರೂ ಉಳಿಯುವುದು ಒಂದು ನಿಮಿಷ ಚಿಲ್ಲರೆ. ಕಂಟ್ರೋಲ್-ಎಸ್ ಕಲಿಯಬೇಕಾದದ್ದು ಕರೆಂಟ್ ಹೋಗುತ್ತದೆ ಎಂಬ ಕಾರಣಕ್ಕೆ, ಸಮಯಕ್ಕಲ್ಲ.

ಮೂರನೇ ವಾರದ ಹಾಳೆಯಲ್ಲಿ "ಕೆಳಗೆ ಹೋಗಲು" ಮುಂದೆ ಇಪ್ಪತ್ತು ನಿಮಿಷಕ್ಕೆ ಒಂದೋ ಎರಡೋ ಗೀಟು. ಶೀಟ್ ಬದಲಾಯಿಸುವುದು ಅರ್ಧಂಬರ್ಧ. ಫಿಲ್ಟರ್ ಈಗಲೂ ಮೌಸಿನಲ್ಲೇ. ದಿನಕ್ಕೆ ಎರಡು ಸಲ ಬಳಸುವುದಕ್ಕೆ ಕೀ ಕಲಿಯಬೇಕಿಲ್ಲ ಎಂದೆ. ಹೊಸ ತೊಡಕೊಂದು ತಂದಿದ್ದರು: ಕಚೇರಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಸ್ಕ್ರಾಲ್ ಲಾಕ್ ಕೀಯೇ ಇಲ್ಲ. ವಿಂಡೋಸ್, ಕಂಟ್ರೋಲ್, ಓ ಮೂರನ್ನೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೇ ಕೀಬೋರ್ಡ್ ತೆರೆಯುತ್ತದೆ, ಅದರಲ್ಲಿ ಸ್ಕ್ರಾಲ್ ಲಾಕ್ ಇದೆ. ಅದನ್ನು ಒತ್ತಲು ಮಾತ್ರ ಮೌಸು ಬೇಕು. ದಿನವಿಡೀ ಅದರಲ್ಲಿ ಕೆಲಸ ಸಾಗದು, ಹೊರಗಿನಿಂದ ಒಂದು ಯುಎಸ್‌ಬಿ ಕೀಬೋರ್ಡ್ ಕೇಳಿ ಪಡೆಯಲು ಬರೆದುಕೊಟ್ಟೆ.