ಮೂಜೆಯೊ ರೋಸೆನ್‌ಬಾಖ್ ಬ್ಯಾಂಡಿನ ‘ಜರತುಸ್ತ್ರ’: 1973ರ ಒರಿಜಿನಲ್ ಎಲ್‌ಪಿ ಕೊಳ್ಳಬೇಕಾ?

ಇಟಲಿಯ ಈ ಪ್ರೊಗ್ರೆಸಿವ್ ರಾಕ್ (ಉದ್ದುದ್ದ, ಜಟಿಲ ಹಾಡುಗಳ ರಾಕ್) ಬ್ಯಾಂಡಿನ ಒರಿಜಿನಲ್ಲಿಗೆ, ಅಂದರೆ ಮೊದಲ ಮುದ್ರಣಕ್ಕೆ, ದುಡ್ಡು ಸುರಿಯಬಹುದಾ, ಆಲ್ಬಂ ಇಂಗ್ಲೆಂಡಿನ ಜೆನೆಸಿಸ್ ಬ್ಯಾಂಡಿನ ಮಟ್ಟಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಓದಿ ನಗು ಬಂತು. ಏಳು ವರ್ಷದ ಹಿಂದೆ ನಾನೂ ಹೀಗೇ ಒದ್ದಾಡುತ್ತಿದ್ದೆ.

ಆಗ ಕೆಲಸದ ಮೇಲೆ ಮಿಲಾನ್‌ನಲ್ಲಿದ್ದೆ. ಒಂದು ಭಾನುವಾರ ಹಳೇ ಸಾಮಾನಿನ ಸಂತೆಯಲ್ಲಿ ಈ ಎಲ್‌ಪಿ ಕಣ್ಣಿಗೆ ಬಿತ್ತು. ಮಾರುವವನು ರೆಕಾರ್ಡು ಹೊರಗೆ ತೆಗೆಯಲೇ ಇಲ್ಲ. ಕವರಿನ ಕೊಲಾಜಿನಲ್ಲಿ ಫ್ಯಾಸಿಸ್ಟ್ ಸರ್ವಾಧಿಕಾರಿ ಮುಸೊಲಿನಿಯ ತಲೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ ಕಥೆ ಶುರು ಮಾಡಿದ. ಕಥೆಯೇನೋ ನಿಜವೇ. ಇಟಲಿಯ ಲಿಗೂರಿಯಾ ಕರಾವಳಿಯ ಹುಡುಗರು ಜರ್ಮನ್ ತತ್ತ್ವಜ್ಞಾನಿ ನೀತ್ಸೆಯ ಜರತುಸ್ತ್ರನನ್ನು ಹಿಡಿದು ಹಾಡು ಕಟ್ಟಿದರು. 1973ರಲ್ಲಿ ರಿಕೋರ್ಡಿ ಕಂಪನಿ ಹೊರತಂದಿತು. ಹಾಡಲ್ಲಿ ನೀತ್ಸೆಯ ಅತಿಮಾನವ, ಕವರ್ ಮೇಲೆ ಮುಸೊಲಿನಿ. ಆಗಿನ ಇಟಲಿಯಲ್ಲಿ ಅಷ್ಟು ಸಾಕಾಗಿತ್ತು. ಫ್ಯಾಸಿಸ್ಟರು ಅನ್ನೋ ಹಣೆಪಟ್ಟಿ ಬಿತ್ತು, ಸರ್ಕಾರಿ ರೇಡಿಯೊ ದೂರ ಇಟ್ಟಿತು, ಆಲ್ಬಂ ಓಡಲಿಲ್ಲ, ಬ್ಯಾಂಡ್ ಒಡೆಯಿತು. ಅದಕ್ಕೇ ಒರಿಜಿನಲ್ ಅಪರೂಪ.

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಬಾಡಿಗೆಗೆ ಅಂತ ಎತ್ತಿಟ್ಟಿದ್ದ 400 ಯೂರೊ ಎಣಿಸಿಕೊಟ್ಟೆ.

ನನ್ನ ತಪ್ಪು ಇಷ್ಟೇ: ಕವರ್ ನೋಡಿದೆ, ರೆಕಾರ್ಡು ನೋಡಲಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್‌ಪಿಯಲ್ಲಿ ಕೊನೆಯ ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಒಂದು ನುಣುಪು ಪಟ್ಟಿ ಉಳಿಯುತ್ತದೆ. ಅದರಲ್ಲಿ ಸಣ್ಣಗೆ ನಂಬರ್ ಕೊರೆದಿರುತ್ತಾರೆ. ಆ ಕಾಲದ ಇಟಲಿಯ ರೆಕಾರ್ಡುಗಳಲ್ಲಿ ಎಷ್ಟೋ ಸಲ ತಾರೀಕೂ ಇರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಕವರನ್ನು ಮತ್ತೆ ಅಚ್ಚು ಹಾಕಬಹುದು. ಹಳೇ ಕವರಿಗೆ ಹೊಸ ರೆಕಾರ್ಡು ತೂರಿಸಬಹುದು. ಆ ಪಟ್ಟಿಯನ್ನು ಬದಲಿಸೋದು ಅಷ್ಟು ಸುಲಭವಲ್ಲ. ಅದನ್ನು ನೋಡೋದು ಅರ್ಧ ನಿಮಿಷದ ಕೆಲಸ. ಜೇಬಲ್ಲಿ ಫೋನಿತ್ತು, ಅದರಲ್ಲಿ ಟಾರ್ಚೂ ಇತ್ತು. ಆದರೂ ಮಾಡಲಿಲ್ಲ, ಯಾಕೆಂದರೆ ಕಥೆ ಚೆನ್ನಾಗಿತ್ತು! ಮನೆಗೆ ಬಂದು ದೀಪದ ಕೆಳಗೆ ಹಿಡಿದರೆ ಮರುಮುದ್ರಣ. 30 ಯೂರೊ ಮಾಲು. ಮುಂದಿನ ಭಾನುವಾರ ಹೋದರೆ ಆಸಾಮಿ ಪತ್ತೆಯಿಲ್ಲ.

ಇನ್ನು ಜೆನೆಸಿಸ್ ಮಾತು. ಆ ತಕ್ಕಡಿಯೇ ತಪ್ಪು ಅನ್ನುತ್ತೇನೆ. ಇಟಲಿಯವರು ಇಂಗ್ಲೆಂಡಿನ ಬಾಲ ಹಿಡಿದು ಹೋದವರು ಅನ್ನೋ ನಂಬಿಕೆ ಅದರ ಹಿಂದಿದೆ, ಅಲ್ವಾ? ವ್ಯಾನ್ ಡರ್ ಗ್ರಾಫ್ ಜನರೇಟರ್ ಇಂಗ್ಲೆಂಡಿನ ಬ್ಯಾಂಡ್. ಅವರ ‘ಪಾನ್ ಹಾರ್ಟ್ಸ್’ 1972ರಲ್ಲಿ ಒಂದನೇ ಸ್ಥಾನಕ್ಕೆ ಏರಿದ್ದು ಇಟಲಿಯಲ್ಲಿ, ತಮ್ಮ ಊರಲ್ಲಲ್ಲ. ಈ ಸಂಗೀತಕ್ಕೆ ಕಿವಿ ಕೊಟ್ಟ ನೆಲ ಅದು. ಹಾಗಾಗಿ ಇಟಲಿಯದೇ ಬ್ಯಾಂಡುಗಳಾದ ಬ್ಯಾಂಕೊದ ‘ಡಾರ್ವಿನ್!’, ಬಲೆಟ್ಟೊ ದಿ ಬ್ರೊಂಜೊದ ‘ಇಸ್’ ಪಕ್ಕದಲ್ಲಿಟ್ಟು ಇದನ್ನು ಕೇಳಿ. ಎರಡೂ 1972ರವು. ನನ್ನ ಕಿವಿಗೆ ‘ಇಸ್’ ಒಂದು ಕೈ ಮೇಲು. ‘ಜರತುಸ್ತ್ರ’ದ ಎರಡನೇ ಬದಿ ಸುಮಾರು.

ಆದರೆ ಮೊದಲ ಬದಿ ಪೂರ್ತಿ ಹರಡಿಕೊಂಡ ಆ 20 ನಿಮಿಷ ಇದೆಯಲ್ಲ, ಅದರ ಮುಂದೆ ವಾದ ಇಲ್ಲ. ಗಾಯಕ ಗಾಲಿಫಿಯ ಒರಟು ಗಂಟಲು, ಹ್ಯಾಮಂಡ್ ಆರ್ಗನ್ನಿನ ಗುಡುಗು. ಶುರುವಿನ ರಾಗ ಕೊನೆಯಲ್ಲಿ ಮೆಲೊಟ್ರಾನ್ (ಟೇಪಿನಲ್ಲಿ ಹಿಡಿದಿಟ್ಟ ನಾದ ನುಡಿಸುವ ಕೀಬೋರ್ಡ್) ಮೇಲೆ ತೇಲಿಕೊಂಡು ವಾಪಸ್ ಬರುವಾಗ ಈಗಲೂ ಮೈ ಜುಂ ಅನ್ನುತ್ತದೆ. (ಇದೇ ಬ್ಯಾಂಡಿನ ಡ್ರಮ್ಮರ್ ಗೋಲ್ಜಿ ಮುಂದೆ ಮಾತಿಯಾ ಬಜಾರ್ ಅನ್ನೋ ಪಾಪ್ ಗುಂಪಲ್ಲಿ 1978ರ ಸಾನ್‌ರೆಮೊ ಹಾಡಿನ ಸ್ಪರ್ಧೆ ಗೆದ್ದ. ನಂಬೋದೇ ಕಷ್ಟ.)

ಇದಕ್ಕೆ ಮರುಮುದ್ರಣ ಧಾರಾಳ ಸಾಕು. ನಾನಂತೂ ಅದೇ 400 ಯೂರೊ ರೆಕಾರ್ಡನ್ನೇ ಇಂದಿಗೂ ಹಾಕುತ್ತೇನೆ. ಹೆಂಡತಿ ಅದಕ್ಕೆ ‘ಬಾಡಿಗೆ ಮುಸೊಲಿನಿ’ ಅಂತ ಹೆಸರಿಟ್ಟಿದ್ದಾಳೆ.