ಅಕೇಶಿಯಾ ಕಡಿದ ಮೇಲೆ ಹಳ್ಳದ ನೀರು

ಶಿರಸಿಯ ನಿಮ್ಮ ತೋಟದ ಮೇಲಿನ ಅಕೇಶಿಯಾ ಕಡಿದ ಮೇಲೆ ಹಳ್ಳದಲ್ಲಿ ಬೇಸಿಗೆ ನೀರು ಹೆಚ್ಚಿದೆ, ಮಳೆಗಾಲದಲ್ಲಿ ಕೆಂಪು ನೀರು ನುಗ್ಗುತ್ತಿದೆ ಅಂದಿದ್ದೀರಿ. ಎರಡಕ್ಕೂ ಕಾರಣ ಬೇರೆ. ಮರ ಹೀರಿ ಆವಿ ಮಾಡುತ್ತಿದ್ದ ನೀರು ಈಗ ಹಳ್ಳಕ್ಕಿಳಿಯುತ್ತಿದೆ. ಗಿಡ ಮತ್ತೆ ಎದ್ದಂತೆ ಕೆಲವೇ ವರ್ಷಗಳಲ್ಲಿ ಅದು ಕಡಿಮೆಯಾಗುತ್ತದೆ. ಅದನ್ನು ನಂಬಿ ದಯವಿಟ್ಟು ತೋಟ ವಿಸ್ತರಿಸಬೇಡಿ.

ಕೆಂಪು ನೀರು ಬಹುಪಾಲು ನಾಟಾ (ಕಡಿದ ಮರದ ದಿಮ್ಮಿ) ಎಳೆದ ದಾರಿಯದು. ಟ್ರ್ಯಾಕ್ಟರ್ ಓಡಾಡಿ ಮಣ್ಣು ಬಿಗಿದರೆ ಮಳೆ ಇಂಗುವುದಿಲ್ಲ, ಚಕ್ರದ ಜಾಡೇ ಕಾಲುವೆಯಾಗುತ್ತದೆ. ಮೇ ತಿಂಗಳೊಳಗೆ ದಾರಿಗೆ ಓರೆಯಾಗಿ ಮಣ್ಣಿನ ಏರಿ ಹಾಕಿಸಿ, ಇಳಿಜಾರು ಕಡಿದಾದಲ್ಲಿ 15-20 ಮೀಟರಿಗೊಂದು. ನೇರ ಅಡ್ಡಕ್ಕೆ ಹಾಕಿದರೆ ನೀರು ನಿಂತು ಏರಿ ಒಡೆಯುತ್ತದೆ. ಏರಿಯಿಂದ ನೀರು ಹೊರಬೀಳುವ ಬಾಯಿ ಹಳ್ಳದ ಕಡೆ ಬೇಡ, ದರಕು (ಒಣ ಎಲೆ) ಬಿದ್ದ ಕಾಡಿನ ಕಡೆ ಇರಲಿ. ಮುಂದಿನ ಕಡಿತದಲ್ಲಿ ಹಳ್ಳದ ಎರಡೂ ದಡದಲ್ಲಿ 10-15 ಮೀಟರ್ ಮುಟ್ಟಲೇಬಾರದು.